ಅತ್ತೆ-ಸೊಸೆ ಇಳಿದ ದೋಣಿ

ಅಕ್ಕ ಬದುಕಿರುವಷ್ಟು ಕಾಲ ಬದಲಾಗದ ಇಂಜಿನ್‌ಗಳು ಅವಳು ಸತ್ತು ವರ್ಷ ತುಂಬುವ ಮೊದಲೇ ಬದಲಾಗಲು ಹೊರಟಿದ್ದವು. ಆ ಸುದ್ದಿಯನ್ನು ಭಾವ ತಾನೇ ಬಂದು ಹೇಳಿದ. ದೋಣಿ ರಿಪೇರಿಯ ಅಂಗಳದಲ್ಲಿ ಮೆಕ್ಯಾನಿಕ್ ಯಾವುದೋ ಪಂಪನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ಭಾವ ಎದುರಿಗೆ ನಿಂತು ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದ:

"ಎರಡೂ ಇಂಜಿನ್ ತೆಗೆಸಿಬಿಡೋಣ ಅಂತಿದ್ದೀನಿ ಕಣಯ್ಯಾ. ಹೊಸದು ಹಾಕೋಣ. ಕೆಲಸ ಮಾವನೇ ಮಾಡ್ಬೇಕು ಅಂತ ಮಗಳು ಪುಟ್ಟಿದು ಒಂದೇ ಹಟ."

"ಆಗಲಿ ಭಾವ" ಎಂದ ಮೆಕ್ಯಾನಿಕ್. ಕೈಯಲ್ಲಿದ್ದ ನಟ್ಟನ್ನು ಎಣ್ಣೆಯ ತಟ್ಟೆಗೆ ಹಾಕಿದ. ಅದು ತಳ ಮುಟ್ಟುವಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು.

ಆ ಇಂಜಿನ್‌ಗಳಿದ್ದ ವಿಹಾರ ದೋಣಿ, ಮೋಟಾರ್ ಯಾಟ್, ಭಾವನ ಅಪ್ಪನ ಕಾಲದ್ದು. ಇಂಜಿನ್ ಕೋಣೆಯಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ಇಂಜಿನ್‌ಗಳಿಗೆ ಅಕ್ಕ ಅತ್ತೆ-ಸೊಸೆ ಎಂದು ಹೆಸರಿಟ್ಟಿದ್ದಳು. ಒಂದು ಓಡುವ ಮನಸ್ಸು ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. "ಇವುಗಳ ಆಯಸ್ಸು ಮುಗೀತು ಭಾವ" ಎಂದು ಮೆಕ್ಯಾನಿಕ್ ಹೇಳುತ್ತಲೇ ಬಂದಿದ್ದ. ಅಕ್ಕನೂ ಹೇಳಿ ಹೇಳಿ ಸಾಕಾಗಿದ್ದಳು. ಭಾವ ಡೆಕ್ಕಿನ ಮರಕ್ಕೆ ಪಾಲಿಶ್ ಹಾಕಿಸಿದ, ಕ್ಯಾಬಿನ್ನಿಗೆ ಹೊಸ ಸೋಫಾ ತಂದ, ಹಿತ್ತಾಳೆಯ ಕಂಬಿಗಳನ್ನು ಬದಲಿಸಿದ. ನೆಂಟರ ಕಣ್ಣಿಗೆ ಬೀಳುವುದು ಅವೇ ತಾನೆ? ಒಂದು ಮಧ್ಯಾಹ್ನ ಗಾಳಿಯೆದ್ದಾಗ, ಬಂಡೆಸಾಲಿನ ಹತ್ತಿರ ಸೊಸೆ ಕೆಮ್ಮಿ ನಿಂತಳು. ಹಿಂದೆಯೇ ಅತ್ತೆಯೂ ನಿಂತಳು. ಲಂಗರು ಬಿಡಲು ಮುಂತುದಿಗೆ ಓಡಿದ ಅಕ್ಕನನ್ನು ಅಲೆ ಎತ್ತಿಕೊಂಡು ಹೋಯಿತು. ಭಾವ ಚುಕ್ಕಾಣಿಯ ಚಕ್ರವನ್ನು ಅಪ್ಪಿ ಹಿಡಿದುಕೊಂಡು ಬದುಕಿದ.

ಸಾವಿನ ಮನೆಯಲ್ಲಿ, ಬಂದವರೆಲ್ಲರ ಎದುರಿಗೆ, "ಇಂಜಿನ್ ನೋಡ್ಕೋತಿದ್ದವನು ಅವಳ ತಮ್ಮನೇ. ನಾನೇನು ಮಾಡ್ಲಿ ಹೇಳಿ" ಎಂದುಬಿಟ್ಟ. ಗೋಡೆಗೊರಗಿ ನಿಂತಿದ್ದ ಮೆಕ್ಯಾನಿಕ್‌ನ ಕಡೆ ಎಲ್ಲರ ಕಣ್ಣೂ ತಿರುಗಿದವು. ಬಂದರಿನವರು ಆಡಿಕೊಂಡದ್ದನ್ನು ಅವನು ಹೇಗೋ ನುಂಗಿಕೊಂಡ. ಆದರೆ ತಾನೇ ಯಾವುದೋ ಒಂದನ್ನು ಸರಿಯಾಗಿ ಬಿಗಿಯಲಿಲ್ಲವೇನೋ ಎಂಬ ಅನುಮಾನ ಅವನೊಳಗೂ ಹೊಕ್ಕು ಕೂತಿತು. ಅನ್ನದ ತುತ್ತು ಎತ್ತುವಾಗ, ಕನ್ನಡಿ ನೋಡುವಾಗ ಅದು ಎದ್ದು ಬರುತ್ತಿತ್ತು. ಆ ದೋಣಿ ನೀರಿನ ಮೇಲೆ ಕಂಡರೆ ಸಾಕು, ಮುಂತುದಿಯಲ್ಲಿ ಅಕ್ಕ ಬೆನ್ನು ಹಾಕಿ ನಿಂತಂತೆ ತೋರುತ್ತಿತ್ತು. ದೋಣಿ ಕಟ್ಟುವ ಧಕ್ಕೆಯ ಮೇಲೆ ತಲೆ ತಗ್ಗಿಸಿ ನಡೆಯುವುದೇ ಅವನಿಗೆ ರೂಢಿಯಾಯಿತು.

ಕ್ರೇನ್‌ನಿಂದ ದೋಣಿಯನ್ನು ಮೇಲೆತ್ತಿ ಅಂಗಳದ ಆಸರೆಗಳ ಮೇಲೆ ಕೂರಿಸಿದರು. ಕ್ಯಾಬಿನ್ನಿನ ನೆಲ ಕಿತ್ತು, ಅತ್ತೆ-ಸೊಸೆಯನ್ನು ಹೊರಗೆಳೆದು, ಷೆಡ್ಡಿನ ಮೂಲೆಯಲ್ಲಿಟ್ಟು ಟಾರ್ಪಾಲು ಹೊದಿಸಿದರು. ಖಾಲಿಯಾದ ಇಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್ ಒಬ್ಬನೇ ಉಳಿದ. ಗೋಡೆಗಂಟಿದ ಹಳೆಯ ಎಣ್ಣೆಯನ್ನು ಕೆರೆಯುತ್ತಿದ್ದಾಗ ತಲೆಯ ಮೇಲೆ ಹಿಮ್ಮಡಿ ಕುಟ್ಟಿದ ಸದ್ದಾಯಿತು. ಅವನು ಕೆಳಗೆ ಕೆಲಸ ಮಾಡುವಾಗ ಅಕ್ಕ ಹಾಗೆ ಕುಟ್ಟಿಯೇ ಊಟಕ್ಕೆ ಕರೆಯುತ್ತಿದ್ದಳು.

"ಬಂದೇ" ಎಂದುಬಿಟ್ಟ. ಕೈ ಒರೆಸಿಕೊಂಡು ತಲೆಯೆತ್ತಿದ. ಮೇಲೆ ಬರಿಯ ಆಕಾಶವಿತ್ತು. ನೆಲದ ಹಲಗೆಗಳನ್ನೆಲ್ಲ ಅವನೇ ಕಿತ್ತು ಅಂಗಳದಲ್ಲಿ ಪೇರಿಸಿದ್ದ. ಕುಟ್ಟುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಆಮೇಲೂ ಅದು ಆಗಾಗ ಕೇಳಿಸುತ್ತಿತ್ತು. ಆತುರಪಡಿಸುತ್ತಿದ್ದಾಳೆ ಎಂದು ಅವನು ಅರ್ಥ ಮಾಡಿಕೊಂಡ.

ಕೊಲೆ ಎಂಬ ಪದವನ್ನು ಅವನು ತನ್ನ ಮನಸ್ಸಿನಲ್ಲೂ ಆಡಲಿಲ್ಲ. "ಆ ಇನ್ನೊಂದು ಕೆಲಸ" ಎಂದುಕೊಳ್ಳುತ್ತಿದ್ದ. ಕೆಲಸವೆಂದ ಮೇಲೆ ಅಚ್ಚುಕಟ್ಟಾಗಿರಬೇಕು. ಹೊಸ ಇಂಜಿನ್‌ಗಳ ಪೈಪುಗಳು ಬೇರೆ ದಾರಿ ಹಿಡಿಯುವುದರಿಂದ ಒಡಲಿನಲ್ಲಿದ್ದ ಹಳೆಯ ತೂತುಗಳನ್ನೆಲ್ಲ ಮುಚ್ಚಬೇಕಿತ್ತು. ಎಲ್ಲವನ್ನೂ ಕಲ್ಲಿನಂತೆ ಮುಚ್ಚಿದ, ಒಂದನ್ನು ಬಿಟ್ಟು. ಅದು ಹಳೆಯ ಇಂಜಿನ್ನಿನ ಬಿಸಿನೀರು ಹೊರಗೆ ಬೀಳುತ್ತಿದ್ದ ತೂತು. ಹಿಂಭಾಗದ ಮಗ್ಗುಲಲ್ಲಿ, ನೀರಿನ ಮಟ್ಟಕ್ಕಿಂತ ತುಸುವೇ ಕೆಳಗಿತ್ತು. ಒಳಗಿನಿಂದ ನೋಡಿದರೆ ಡೀಸೆಲ್ ಟ್ಯಾಂಕಿನ ಮರೆ. ಅದಕ್ಕೆ ಅವನು ಬೇರೆಯೇ ಒಂದು ಅಂಟುಮುದ್ದೆಯ ಮೆತ್ತನ್ನು ತುಂಬಿದ. ಒಣಗಿದ್ದಾಗ ಅದು ಸುತ್ತಿಗೆಗೂ ಜಗ್ಗದು. ಉಪ್ಪುನೀರಿನಲ್ಲಿ ನೆನೆಯುತ್ತಾ ಹೋದರೆ ಮೆಲ್ಲಗೆ ಕರಗಿ ಹೋಗುವುದು. ಮೇಲೆ ಬಣ್ಣ ಬಳಿದ ಮೇಲೆ ಎಲ್ಲಿ ಏನಿತ್ತೆಂದು ಅವನೇ ಬೆರಳಾಡಿಸಿ ಹುಡುಕಬೇಕಾಯಿತು.

ತಳದ ದೊಡ್ಡ ತೂತೊಂದನ್ನು ಆರಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ಬಂದರಿನ ಬಾಯಲ್ಲೇ ಗುಟ್ಟು ರಟ್ಟಾಗುತ್ತಿತ್ತು. ನೀರು ಕಳ್ಳನಂತೆ ನುಸುಳಬೇಕು, ಭಾವ ಬಂಡೆಸಾಲಿನ ಬಳಿಯ ಆಳಕ್ಕೆ ಹೋಗುವವರೆಗೂ ತಾಳ್ಮೆಯಿಂದಿರಬೇಕು. ತಳದಲ್ಲಿ ನೀರು ಸೇರಿದರೆ ತಾನಾಗಿ ಓಡುವ ಪಂಪಿನ ತಂತಿಯನ್ನು ಒಳಗೇ ಕಡಿದ. ಕೂಗಬೇಕಾದ ಅಲಾರಮ್ಮಿನ ಬಾಯಿ ಕಟ್ಟಿದ. ರೇಡಿಯೋ ಬಂದರಿನಲ್ಲಿ ಚೆನ್ನಾಗಿ ಮಾತಾಡಿ, ಒಂದಿಷ್ಟು ದೂರ ಓಡಿದ ಮೇಲೆ ಇಂಜಿನ್ನಿನ ಅದುರುವಿಕೆಗೆ ಕಳಚಿಕೊಳ್ಳುವಂತೆ ಅದರ ಕೊಂಡಿಯನ್ನು ಸಡಿಲಿಸಿದ. ಮೇಲಿದ್ದ ಪುಟ್ಟ ತೆಪ್ಪವನ್ನು ಬಣ್ಣ ಹಚ್ಚುವ ನೆಪದಲ್ಲಿ ಅಂಗಳದಲ್ಲೇ ಉಳಿಸಿಕೊಂಡ. ಭಾವನಿಗೆ ಈಜು ಬಾರದೆಂಬುದು ಇಡೀ ಬಂದರಿಗೇ ಗೊತ್ತಿತ್ತು. ಹಳೆಯ ಒಡಲು, ಹೊಸ ಇಂಜಿನ್ನಿನ ರಭಸ ತಡೆಯಲಿಲ್ಲ ಎನ್ನುತ್ತಾರೆ. ಆ ಆಳಕ್ಕೆ ಮುಳುಗಿ ನೋಡುವವರಾರು?

ಇನ್ನುಳಿದದ್ದು ಮೊದಲ ಓಡಾಟ. ಹೊಸ ಇಂಜಿನ್ ಕೂರಿಸಿದವನು ಮೊದಲ ಸಲ ಜೊತೆಗೆ ಹೋಗುವುದು ವಾಡಿಕೆ. ಹಿಂದಿನ ದಿನ, ಷೆಡ್ಡಿನಲ್ಲಿ ಪರೀಕ್ಷೆಗೆ ಓಡುತ್ತಿದ್ದ ಬೇರೊಂದು ಇಂಜಿನ್ನಿನ ಹೊಗೆಕೊಳವೆಯನ್ನು ಅವನು ಎಡಗೈಯಲ್ಲಿ ಹಿಡಿದ. ಹಲ್ಲು ಕಚ್ಚಿ, ಸಾಕೆನಿಸುವವರೆಗೂ ಹಿಡಿದೇ ಇದ್ದ.

"ಅಯ್ಯೋ, ಏನಯ್ಯಾ ಇದು!" ಎಂದ ಭಾವ ಕೈ ನೋಡಿ. "ಹೋಗ್ಲಿ ಬಿಡು, ನೀನು ಆಸ್ಪತ್ರೆಗೆ ಹೋಗು. ನಾಳೆ ನಾನು ನೋಡ್ಕೋತೀನಿ. ಬಂಡೆಸಾಲಿನ ತನಕ ಹೋಗಿ ಬರ್ತೀನಿ, ಅಷ್ಟೇ."

ಮರುದಿನ ಬೆಳಿಗ್ಗೆ ದೋಣಿ ಕ್ರೇನಿನ ಪಟ್ಟಿಗಳಲ್ಲಿ ತೂಗುತ್ತಿರುವಾಗ ಭಾವ ಅವನ ಪಕ್ಕಕ್ಕೆ ಬಂದು ನಿಂತ. ಕೈಯಲ್ಲಿ ಕಾಗದ ಸುತ್ತಿದ ಬಿಳಿ ಹೂಗಳಿದ್ದವು.

"ಅವತ್ತೇ ನಿನ್ನ ಮಾತು ಕೇಳ್ಬೇಕಿತ್ತು ಕಣೋ" ಎಂದ. "ಎಲ್ಲರ ಮುಂದೆ ನಿನ್ನ ಮೇಲೆ ಹಾಕಿಬಿಟ್ಟೆ. ತಪ್ಪು ನಂದೇ. ಅವಳಿಗೂ ಹೇಳೋಣ ಅಂತ ಹೊರಟಿದ್ದೀನಿ. ನಿಂಗೆ ಮೊದಲು ಹೇಳ್ಬೇಕು ಅನ್ನಿಸ್ತು."

ಇದೊಂದು ಮಾತಿಗಾಗಿ ಅವನು ಎಷ್ಟು ಕಾದಿದ್ದ! ಬಂದಾಗ ಅದು ಬೇರೆ ಯಾರಿಗೋ ಹೇಳಿದಂತೆ ಕೇಳಿಸಿತು. ಒಂದು ಸುಳ್ಳು ಸಾಕಿತ್ತು: ಪೈಪೊಂದು ಸೋರುತ್ತಿದೆ, ಇವತ್ತು ಬೇಡ. ತುಟಿಯವರೆಗೂ ಬಂತು. ಅಷ್ಟರಲ್ಲಿ ಕ್ರೇನಿನವನು ಕೂಗಿದ, ಮೆಕ್ಯಾನಿಕ್ ಏಣಿ ಹತ್ತಿ ಒಳಗೆ ಹೋದ.

ದೋಣಿ ನೀರಿಗಿಳಿಯುವಾಗ ಅವನು ಇಂಜಿನ್ ಕೋಣೆಯಲ್ಲಿ ಟಾರ್ಚ್ ಹಿಡಿದು ಕೂತಿದ್ದ. ಎಲ್ಲ ಒಣಗಿತ್ತು. ಇರಲೇಬೇಕು, ಮೆತ್ತು ನೆನೆಯುವುದಕ್ಕೆ ಹೊತ್ತು ಬೇಕು. ಹೊಸ ಇಂಜಿನ್‌ಗಳೆರಡೂ ಮೊದಲ ಕರೆಗೇ ಓಗೊಟ್ಟವು, ಜಗಳವಿಲ್ಲ, ಕೆಮ್ಮಿಲ್ಲ. ಕುಟ್ಟುವ ಸದ್ದಿಗಾಗಿ ಅವನು ಕಿವಿಗೊಟ್ಟ. ಇರಲಿಲ್ಲ. ಕಾಲಡಿಯ ಹಲಗೆಯನ್ನಷ್ಟೇ ನೋಡುತ್ತಾ ಧಕ್ಕೆಗೆ ಹಾರಿ, ಹಿಂತಿರುಗದೆ ಊರ ಕಡೆ ನಡೆದ.

ಆಸ್ಪತ್ರೆಯಲ್ಲಿ ನರ್ಸ್ ಜೊತೆ ಬೇಕೆಂದೇ ಹರಟಿದ, ನೆನಪಿಟ್ಟುಕೊಳ್ಳಲಿ ಎಂದು. ಕೈಗೆ ದಪ್ಪನೆಯ ಪಟ್ಟಿ ಕಟ್ಟಿಸಿಕೊಂಡು ಮರಳುವಾಗ ಸಮುದ್ರ ಹರವಿಟ್ಟ ಸೀರೆಯಂತೆ ಸುಮ್ಮನಿತ್ತು. ಬಂದರು ಕಚೇರಿಯ ಮಹಡಿಯ ಕಿಟಕಿಯಿಂದ ಅಧಿಕಾರಿ ಮೇಡಂ ಬಗ್ಗಿ ಕೇಳಿದರು:

"ಕೈ ಹೇಗಿದೆ?"

"ಪರವಾಗಿಲ್ಲ ಮೇಡಂ."

"ನಿಮ್ಮ ಅಕ್ಕನ ಮಗಳು ನಿಮ್ಮನ್ನೇ ಹುಡುಕ್ತಿದ್ಲು. ಪಟ್ಟಿ ಕಟ್ಟಿಸೋಕೆ ಹೋಗಿದ್ದಾರೆ ಅಂದೆ. ವಾಪಸ್ ಬಂದು ನೋಡ್ತೀನಿ ಅಂತ ಅಪ್ಪನ ಜೊತೆ ದೋಣಿ ಹತ್ತಿದ್ಲು."

ಅವನು ನಿಂತಲ್ಲೇ ನಿಂತ. ಪುಟ್ಟಿ ದೂರದ ಊರಿನಲ್ಲಿ ಓದುತ್ತಿದ್ದವಳು. ಆ ದೋಣಿಗೆ ಇನ್ನು ಕಾಲಿಡೆನೆಂದು ಅತ್ತು ಹೇಳಿದ್ದವಳು. ಅಮ್ಮ ಹೋದ ಜಾಗಕ್ಕೆ ಹೂ ಹಾಕೋಣ ಬಾ ಎಂದು ಭಾವ ಕರೆದಿರಬೇಕು. ಬೆಳಗಿನ ಬಸ್ಸಿಗೆ ಬಂದಿಳಿದಿರಬೇಕು. ಮೆಟ್ಟಿಲು ಹತ್ತಿದ್ದು ಅವನಿಗೆ ಗೊತ್ತಾಗಲಿಲ್ಲ, ಮೇಡಂ ಮೇಜಿನ ಅಂಚು ಹಿಡಿದು ನಿಂತಿದ್ದ.

"ವಾಪಸ್ ಕರೀರಿ ಅವರನ್ನ. ಈಗಲೇ. ಒಂದು ಪೈಪು ಬಿಗಿ ಮಾಡೋದು ಮರೆತೆ."

ಮೇಡಂ ರೇಡಿಯೋದಲ್ಲಿ ಕರೆದರು. ಮತ್ತೆ ಕರೆದರು. ಗರಗರ ಸದ್ದು ಬಿಟ್ಟರೆ ಉತ್ತರವಿಲ್ಲ. ಬಂಡೆಸಾಲಿನ ಹತ್ತಿರ ಮೊಬೈಲಂತೂ ಸಿಗುವುದಿಲ್ಲ.

"ರಕ್ಷಣಾ ದೋಣಿ ಕಳಿಸಿ ಮೇಡಂ!"

"ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಸಮುದ್ರ ಇಷ್ಟು ಶಾಂತವಾಗಿದೆ. ನೀರು ಬಂದ್ರೂ ಪಂಪು ಓಡುತ್ತಲ್ಲ?"

"ಓಡಲ್ಲ."

"ಅಲಾರಂ ಕೂಗುತ್ತೆ. ನಿಮ್ಮ ಭಾವ ತಿರುಗಿಸ್ಕೊಂಡು ಬರ್ತಾರೆ."

"ಕೂಗಲ್ಲ ಮೇಡಂ. ರೇಡಿಯೋನೂ ಅಷ್ಟೇ. ತೆಪ್ಪ ನಮ್ಮ ಅಂಗಳದಲ್ಲೇ ಇದೆ."

ಮೇಡಂ ರೇಡಿಯೋವನ್ನು ಕೆಳಗಿಟ್ಟರು. "ಇದೆಲ್ಲ ನಿಮಗೆ ಹೇಗೆ ಗೊತ್ತು?"

ಅವನ ಯೋಜನೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದರಲ್ಲಿ ಒಂದು ಸುಳ್ಳು ತೂರಿಸುವಷ್ಟೂ ಸಂದಿರಲಿಲ್ಲ. ಮೇಲೆ ಗೋಡೆ ಗಡಿಯಾರ ಓಡುತ್ತಿತ್ತು. ಒಂದೊಂದು ಸದ್ದಿಗೂ ಟ್ಯಾಂಕಿನ ಮರೆಯಲ್ಲಿ ಮೆತ್ತು ಕರಗುತ್ತಿರುವುದು ಅವನ ಕಣ್ಣಿಗೆ ಕಟ್ಟಿತು.

"ನಾನೇ ಮಾಡಿದ್ದು" ಎಂದ. "ಮುಳುಗಲಿ ಅಂತಲೇ ಮಾಡಿದ್ದು. ಭಾವ ಒಬ್ಬರೇ ಹೋಗ್ತಾರೆ ಅಂದ್ಕೊಂಡಿದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ ಮೇಡಂ, ಮಗು ಇದೆ ಅದರಲ್ಲಿ."

ರಕ್ಷಣಾ ದೋಣಿ ಸದ್ದು ಮಾಡುತ್ತಾ ಹೊರಟಿತು. ಪೊಲೀಸಿನವರು ಬಂದರು. ಅವರು ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಟ್ಟ, ಕೇಳದಿದ್ದದ್ದನ್ನೂ ಹೇಳಿದ: ಮೆತ್ತು ಯಾವುದು, ತಂತಿ ಎಲ್ಲಿ ಕಡಿದದ್ದು, ಕೈ ಹೇಗೆ ಸುಟ್ಟದ್ದು. ಹೇಳುತ್ತಿರುವಷ್ಟು ಹೊತ್ತೂ ಅವಳು ತೇಲುತ್ತಿರುತ್ತಾಳೆ ಎಂಬಂತೆ ಬಿಡದೆ ಹೇಳಿದ. ಕೊನೆಗೆ ಹೇಳಲು ಏನೂ ಉಳಿಯದೆ ಬಾಯಿ ಮುಚ್ಚಿದಾಗ ಮೇಡಂ ಅವರ ರೇಡಿಯೋ ಮಾತಾಡಿತು. ಸಿಕ್ಕಿದ್ದಾರಂತೆ. ಬಂಡೆಸಾಲಿನ ಹತ್ತಿರ ಇಂಜಿನ್ ಆರಿಸಿ, ಹೂ ಹಾಕಿ, ಅಪ್ಪ-ಮಗಳು ಸುಮ್ಮನೆ ಕೂತಿದ್ದರಂತೆ. ದೋಣಿಯೊಳಗೆ ಒಂದು ಹನಿ ನೀರಿಲ್ಲವಂತೆ. ತಾವೇ ಓಡಿಸಿಕೊಂಡು ಬರುತ್ತಿದ್ದಾರಂತೆ. ಅವನು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. ಪೊಲೀಸಿನವನೊಬ್ಬ ನೀರು ಕೊಟ್ಟ. ಅತ್ತು ಮುಗಿದ ಮೇಲೆ ಅವನೊಳಗಿನ ಮೆಕ್ಯಾನಿಕ್ ಎದ್ದು ಕೂತ. ಒಂದು ಹನಿಯೂ ಇಲ್ಲವೆಂದರೆ? ಮೆತ್ತು ಕೈ ಕೊಟ್ಟಿತೆ?

ಅವನನ್ನು ಧಕ್ಕೆಗೆ ಕರೆತಂದರು. ಅಕ್ಕ ಹೋದಂದಿನಿಂದ ಎತ್ತದಿದ್ದ ಕಣ್ಣನ್ನು ಅವನು ನೀರಿನ ಮೇಲಿದ್ದ ಆ ದೋಣಿಯ ಕಡೆ ಎತ್ತಿದ. ಮುಂತುದಿಯಲ್ಲಿ ನಿಂತಿದ್ದವಳು ಅಕ್ಕನಲ್ಲ, ಪುಟ್ಟಿ. "ಮಾವಾ! ಕೈ ಏನಾಯ್ತು?" ಎಂದು ಕೂಗುತ್ತಾ ಕೈಬೀಸುತ್ತಿದ್ದಳು. ಎರಡೂ ಕಡೆ ನಿಂತಿದ್ದ ಪೊಲೀಸರು ಅವಳಿಗಿನ್ನೂ ಕಂಡಿರಲಿಲ್ಲ. "ಎಲ್ರೀ, ನೀವು ಹೇಳಿದ ತೂತು?" ಎಂದರು ಮೇಡಂ. ಅವನು ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ತೋರಿಸಿದ. ಹಿಂಭಾಗದ ಮಗ್ಗುಲಲ್ಲಿ ಅವನ ಮೆತ್ತು ಹಾಕಿದ ಹಾಗೇ ಇತ್ತು, ಕಲ್ಲಿನಂತೆ ಗಟ್ಟಿಯಾಗಿ, ಬಿಸಿಲಲ್ಲಿ ಒಣಗಿಕೊಂಡು, ನೀರಿಗಿಂತ ಮೂರು ಬೆರಳು ಮೇಲೆ. ಹೊಸ ಇಂಜಿನ್‌ಗಳೆರಡೂ ಸೇರಿದರೂ ತೂಕದಲ್ಲಿ ಅತ್ತೆಯೊಬ್ಬಳಿಗೆ ಸಮನಾಗುತ್ತಿರಲಿಲ್ಲ. ಅತ್ತೆ-ಸೊಸೆ ಇಳಿದು ಹೋದ ಮೇಲೆ ದೋಣಿ ಹಗುರಾಗಿ ನೀರಿನಿಂದ ಮೇಲೆದ್ದಿತ್ತು. ತೂತು ಸಮುದ್ರವನ್ನು ಮುಟ್ಟಿಯೇ ಇರಲಿಲ್ಲ.