ಸಣ್ಣವರ ಸರದಿ

"ಬಟಾಣಿ ಇದೆ. ಪುಸ್ತಕ ಇಲ್ಲ!"

ಮಧ್ಯಾಹ್ನ ಹನ್ನೆರಡೂವರೆಗೆ ವಿನ್ನಿ ಹಾಸ್ಕೆಲ್ ನನ್ನ ಬಾರಿನ ಬಾಗಿಲು ತಳ್ಳಿಕೊಂಡು ಬಂದು ಹೀಗೆ ಕೂಗಿದಳು. ಕೈಯಲ್ಲಿ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ಲೈಲ್. ಲಾಸ್ ವೇಗಸ್ಸಿನ ಬೌಲ್ಡರ್ ಹೆದ್ದಾರಿ ಪಕ್ಕದ ಈ ಬಾರಿನಲ್ಲಿ ಹತ್ತೊಂಬತ್ತು ವರ್ಷದಿಂದ ಗ್ಲಾಸು ಒರೆಸುತ್ತಿದ್ದೇನೆ. ಕಟ್ಟೆಯಲ್ಲೇ ಹುದುಗಿಸಿದ ಎಂಟು ಪೋಕರ್ ಯಂತ್ರಗಳಿವೆ. ಗಿರಾಕಿಗಳು ಬಿಯರನ್ನು ಅವುಗಳ ಗಾಜಿನ ಮೇಲೇ ಇಡುತ್ತಾರೆ, ಎಷ್ಟು ಬೈದರೂ ಕೇಳುವುದಿಲ್ಲ.

"ಯಾವ ಪುಸ್ತಕ?" ಎಂದೆ.

"ನನ್ನ ಆಟದ ಪುಸ್ತಕ ಕಣಯ್ಯಾ! ಎಂಟು ತಿಂಗಳ ಲೆಕ್ಕ! ಗ್ಯಾರೇಜಿನ ಫ್ರೀಜರ್‌ನಲ್ಲಿ, ಬಟಾಣಿ ಕೆಳಗೆ ಇಟ್ಟಿದ್ದೆ. ಅಲ್ಲಿ ಯಾರು ಹುಡುಕ್ತಾರೆ ಅಂತ!"

ವಿನ್ನಿ ಹೊಸ ಪೋಕರ್ ಆಟವೊಂದನ್ನು ಕಂಡುಹಿಡಿದಿದ್ದು ನಮಗೆಲ್ಲ ಗೊತ್ತಿತ್ತು. ಹೆಸರು 'ಸಣ್ಣವರ ಸರದಿ'. ಹಳೆಯ ಆಟದ ಹಾಗೆಯೇ ಯಂತ್ರ ಐದು ಎಲೆ ಕೊಡುತ್ತದೆ. ಬೇಕಾದ್ದನ್ನು ಹಿಡಿದು ಉಳಿದದ್ದನ್ನು ಎಸೆದರೆ ಬದಲಿ ಎಲೆ ಬರುತ್ತದೆ. ಜಾಕಿ ಜೋಡಿಯಿಂದ ಮೇಲಕ್ಕೆ ಬಹುಮಾನ. ಹೊಸದೇನೆಂದರೆ, ಯಾರೂ ಲೆಕ್ಕಕ್ಕಿಡದ ಎರಡು, ಮೂರು, ನಾಲ್ಕು — ಇವುಗಳಲ್ಲಿ ಒಂದೇ ಅಂಕಿಯ ಮೂರು ಎಲೆ ಬಿದ್ದರೆ ಮುಂದಿನ ಕೈಗೆ, ಅಂದರೆ ಮುಂದಿನ ಸುತ್ತಿಗೆ, ಬಹುಮಾನ ಹನ್ನೆರಡು ಪಟ್ಟು. ನಿಯಮ ಇಷ್ಟೆ. ಆದರೆ ಯಾವಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಎಸೆಯಬೇಕು? ಆ ಗುಟ್ಟೆಲ್ಲ ಪುಸ್ತಕದಲ್ಲಿತ್ತು. ಅದನ್ನು ಒಬ್ಬರಿಗೂ ತೋರಿಸಿರಲಿಲ್ಲ.

"ಬೆಳಿಗ್ಗೆ, ನನ್ನ ಆಟ ಕೊಂಡ್ಕೊಳ್ಳೋ ಯಂತ್ರದ ಕಂಪನಿಯವರು ಫೋನ್ ಮಾಡಿದ್ರು," ವಿನ್ನಿ ಪೊಟ್ಟಣವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಅದೇ ಆಟ, ಅದೇ ಲೆಕ್ಕ, ಬೇರೆ ಯಾರೋ ಕಳಿಸಿದಾರಂತೆ. ಬರೀ ಅಂಚೆಪೆಟ್ಟಿಗೆ ನಂಬರು, ಹೆಸರಿಲ್ಲ. ನಾಲ್ಕು ಗಂಟೆಗೆ ಇಲ್ಲಿಗೆ ಬರ್ತಾರೆ. ತಾರೀಖು ಹಾಕಿರೋ ನನ್ನ ಪುಸ್ತಕ ತೋರಿಸದಿದ್ರೆ ಆಟ ನನ್ನ ಕೈಬಿಟ್ಟ ಹಾಗೇ."

"ಅನುಮಾನ ಯಾರ ಮೇಲೆ?"

ಕೇಳಿದ್ದು ಮೂಲೆಯ ಸ್ಟೂಲಿನ ಮೇಲಿದ್ದ ಒಡೆಸ್ಸಾ ಪ್ರೂಯಿಟ್. ಮೂವತ್ತು ವರ್ಷ ಕ್ಯಾಸಿನೋವೊಂದರ ಕ್ಯಾಮೆರಾ ಕೋಣೆಯಲ್ಲಿ ಕೂತು, ಸಾವಿರಾರು ಜನರ ಕೈಗಳನ್ನಷ್ಟೇ ನೋಡಿ ಕಳ್ಳರನ್ನು ಹಿಡಿದವಳು. ನಿವೃತ್ತಿಯಾಗಿದ್ದಾಳೆ, ಆದರೆ ಕಣ್ಣಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ.

"ಅನುಮಾನ ಅಲ್ಲ, ಗ್ಯಾರಂಟಿ! ಆ ರೂಬೆನ್ ಟಫೋಯಾ. ಗ್ಯಾರೇಜ್ ಕೀಲಿ ಮನೇಲಿರೋರನ್ನ ಬಿಟ್ರೆ ಇರೋದು ಅವನ ಹತ್ರ ಮಾತ್ರ. ನೋಡು, ದೂರು ಬರೆದೇಬಿಟ್ಟಿದೀನಿ."

ರೂಬೆನ್ ಕ್ಯಾಸಿನೋ ಯಂತ್ರಗಳ ಮೆಕ್ಯಾನಿಕ್. ವಿನ್ನಿಯ ಆಟಕ್ಕೆ ಹಳೆಯ ಯಂತ್ರವೊಂದನ್ನು ಪುಕ್ಕಟೆಯಾಗಿ ಸಿದ್ಧಪಡಿಸಿ ಅವಳ ಗ್ಯಾರೇಜಿನಲ್ಲಿ ಇಟ್ಟುಕೊಟ್ಟವನೂ ಅವನೇ. ಈ ಊರಲ್ಲಿ ಪೊಲೀಸರು ಕೊಡುವ ಕೆಲಸದ ಕಾರ್ಡಿಲ್ಲದವನಿಗೆ ಕ್ಯಾಸಿನೋದಲ್ಲಿ ಕಸ ಗುಡಿಸುವ ಕೆಲಸವೂ ಸಿಗದು. ಕಳ್ಳತನದ ದೂರು ಹೋದರೆ ಮೊದಲು ಕಾರ್ಡು ಹೋಗುತ್ತದೆ, ವಿಚಾರಣೆ ಆಮೇಲೆ.

"ನಾಲ್ಕರ ತನಕ ಅದನ್ನ ಚೀಲದಲ್ಲೇ ಇಟ್ಕೊ," ಎಂದಳು ಒಡೆಸ್ಸಾ. "ಲೈಲ್, ಎಲ್ಲರನ್ನೂ ಕರೆಸು."

ಮೊದಲು ಬಂದದ್ದು ರೂಬೆನ್, ಎಣ್ಣೆ ಮೆತ್ತಿದ ಅಂಗಿಯಲ್ಲೇ.

"ನಾನ್ಯಾಕೆ ಕದೀಲಿ? ಯಂತ್ರ ಮಾಡಿದ್ದೇ ನಾನು."

"ಯಂತ್ರದೊಳಗೆ ಗುಟ್ಟು ಇಲ್ವಾ?" ಒಡೆಸ್ಸಾ ಕೇಳಿದಳು.

"ಇಲ್ಲ. ಅದು ಎಲೆ ಹಾಕುತ್ತೆ, ದುಡ್ಡು ಕೊಡುತ್ತೆ. ಯಾವುದು ಹಿಡೀಬೇಕು ಅಂತ ಹೇಳಲ್ಲ."

"ಕೊನೇ ಸಲ ಯಾವಾಗ ನೋಡಿದೆ?"

"ಶುಕ್ರವಾರ. ಗುಂಡಿಗಳು ಸವೆದಿದ್ವು, ಬದಲಾಯಿಸಿದೆ. ಒಳಗಿನ ಮೀಟರು ಹನ್ನೊಂದು ಸಾವಿರ ಕೈ ತೋರಿಸ್ತು. ಪರವಾಗಿಲ್ಲ, ವಿನ್ನಿ ಮೇಡಂ ಚೆನ್ನಾಗೇ ಆಡಿದಾರೆ ಅಂದ್ಕೊಂಡೆ."

"ಹನ್ನೊಂದು?" ವಿನ್ನಿ ಎದ್ದು ನಿಂತಳು. "ನಾನು ಆಡಿದ್ದು ನಾಲ್ಕು ಸಾವಿರ! ಪ್ರತಿಯೊಂದೂ ಗುರುತು ಹಾಕಿದೀನಿ! ನೋಡಿದ್ಯಾ ಒಡೆಸ್ಸಾ, ಕಳ್ಳ ತಾನಾಗಿ ಬಾಯಿಬಿಟ್ಟ!"

ರೂಬೆನ್ ಟೋಪಿ ತೆಗೆದು ಹಿಂದಕ್ಕೆ ಸರಿದ. ಒಡೆಸ್ಸಾ ಮಾತ್ರ ತಣ್ಣನೆಯ ಚಹಾ ಹೀರುತ್ತಿದ್ದಳು.

ಎರಡನೆಯವನು ಆರ್ವಿಲ್ ಬೀಸ್ಲಿ. ಆಟಗಾರರಿಗೆ 'ಯಾವ ಎಲೆ ಹಿಡಿಯಬೇಕು' ಎಂಬ ಪಟ್ಟಿ ಅಚ್ಚುಹಾಕಿಸಿ ಮೂರು ಡಾಲರಿಗೆ ಮಾರುವ ಮುದುಕ. ಬಂದವನೇ ಕಟ್ಟೆಯ ಯಂತ್ರಕ್ಕೆ ನಾಣ್ಯ ಹಾಕಿದ.

"ಆಟ ಮಾರುಕಟ್ಟೆಗೆ ಬಂದ್ಮೇಲೆ ನನ್ನ ಪಟ್ಟಿ ತಾನಾಗೇ ಖರ್ಚಾಗುತ್ತೆ. ಕದ್ದು ನನಗೇನಾಗ್ಬೇಕು?" ಎನ್ನುತ್ತಾ, ಬಿದ್ದಿದ್ದ ಎಕ್ಕದ ಜೋಡಿ, ನಾಲ್ಕರ ಜೋಡಿ ಎರಡನ್ನೂ ಹಿಡಿದು ಐದನೆಯ ಎಲೆ ಎಸೆದ. "ಕಳೆದ ತಿಂಗಳೆಲ್ಲ ರೀನೋದಲ್ಲಿ ಮಗಳ ಮನೇಲಿದ್ದೆ. ಬೇಕಾದ್ರೆ ಅವಳನ್ನೇ ಕೇಳು."

ಕೊನೆಗೆ ಬಂದದ್ದು ವಿನ್ನಿಯ ತಂಗಿ ಕಾರ್ಲೀನ್. ಕ್ಯಾಸಿನೋದ ಚಿಲ್ಲರೆ ಕೌಂಟರಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಅಕ್ಕನ ಮನೆಯಲ್ಲೇ ಇರುವವಳು. ಅಕ್ಕನ ಹೆಗಲು ತಟ್ಟಿ, ತನ್ನ ಮಾಮೂಲಿ ಸ್ಟೂಲಿನಲ್ಲಿ ಕೂತು, ಮಾಮೂಲಿ ಯಂತ್ರಕ್ಕೆ ಐದು ನಾಣ್ಯ ಹಾಕಿದಳು. ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಅವಳ ಆಟ ನನಗೆ ಕಂಠಪಾಠ.

"ಪುಸ್ತಕದೊಳಗೆ ನೋಡಿದ್ದೆಯಾ?" ಒಡೆಸ್ಸಾ ಕೇಳಿದಳು.

"ನಾನಾ? ಇವಳು ಕಾಫಿ ಕೊಡೋಕೆ ಹೋದ್ರೂ ಪುಸ್ತಕ ಮುಚ್ಚೋಳು!"

ಜಾಕಿ ಎರಡು, ಮೂರರ ಎಲೆ ಎರಡು ಬಿದ್ದವು. ಕಾರ್ಲೀನ್ ಮೂರರ ಜೋಡಿ ಹಿಡಿದು ಜಾಕಿಗಳನ್ನು ಎಸೆದಳು. ಪಾಪ, ಚಿಂತೆಯಲ್ಲಿ ತಲೆ ನೆಟ್ಟಗಿಲ್ಲ ಎಂದುಕೊಂಡೆ.

"ವಿನ್ನಿಯ ಯಂತ್ರದಲ್ಲಿ ಆಡಿದ್ದೆಯಾ?"

"ಒಂದು ಸಲವೂ ಇಲ್ಲ." ಇನ್ನೊಂದು ಮೂರು ಬಿತ್ತು. ಅವಳು ಸ್ಟೂಲಿನಲ್ಲಿ ನೆಟ್ಟಗಾದಳು. ಮುಂದಿನ ಕೈಗೆ ರಾಣಿ ಜೋಡಿ. ಯಂತ್ರ ಟಣ್ ಟಣ್ ಎಂದು ಐದು ನಾಣ್ಯ ಉದುರಿಸಿತು. ಕಾರ್ಲೀನ್ ಗಾಜಿಗೆ ಪಟ್ಟನೆ ಹೊಡೆದಳು.

"ಐದೇನಾ?"

"ರಾಣಿ ಜೋಡಿಗೆ ಯಾವತ್ತೂ ಐದೇ ಕಣಮ್ಮಾ," ಎಂದು ನಾನು ನಕ್ಕೆ.

ಅವಳು ನಗಲಿಲ್ಲ. ಒಡೆಸ್ಸಾ ಚಹಾದ ಗ್ಲಾಸನ್ನು ಕೆಳಗಿಟ್ಟಳು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ವಿನ್ನಿ ದೂರಿನ ಕಾಗದ ಹೊರತೆಗೆದಳು. ರೂಬೆನ್ ಬಾಗಿಲ ಬಳಿ ಟೋಪಿ ಹಿಸುಕುತ್ತಾ ನಿಂತಿದ್ದ. ಅವನತ್ತ ನೋಡಲು ನನಗೆ ಧೈರ್ಯವಾಗಲಿಲ್ಲ.

"ಎಲ್ಲರೂ ಫ್ರೀಜರ್, ಕೀಲಿ ಅಂತ ಒದ್ದಾಡ್ತಿದೀರಿ," ಒಡೆಸ್ಸಾ ಶುರುಮಾಡಿದಳು. "ನನಗೆ ಬೇಕಾದ್ದು ಆ ಏಳು ಸಾವಿರ ಕೈ. ಯಾರೋ ಪುಸ್ತಕ ಪಕ್ಕದಲ್ಲಿಟ್ಕೊಂಡು, ಲೆಕ್ಕ ಸರಿಯಿದೆಯಾ ಅಂತ ಆಡಿ ಆಡಿ ನೋಡಿದಾರೆ. ಅಷ್ಟು ಆಡಿದ್ರೆ ಏನಾಗುತ್ತೆ ಲೈಲ್?"

"ಬೆರಳಿಗೆ ಅಂಟಿಕೊಳ್ಳುತ್ತೆ. ತಲೆ ಬೇಡ, ಬೆರಳೇ ಆಡುತ್ತೆ."

"ಹಾಂ! ವಿನ್ನಿ, ನಿಜ ಹೇಳು. ನಿನ್ನ ಆಟದಲ್ಲಿ ಜಾಕಿ ಎರಡು, ಮೂರರ ಎಲೆ ಎರಡು ಬಿದ್ರೆ ಏನು ಹಿಡೀಬೇಕು?"

ವಿನ್ನಿ ಕಂಪನಿಯವರು ಬರುವ ದಾರಿಯನ್ನೊಮ್ಮೆ ನೋಡಿ, ಅರೆಮನಸ್ಸಿನಿಂದ ಹೇಳಿದಳು. "ಮೂರರ ಜೋಡಿ ಮಾತ್ರ. ಜಾಕಿ ಎಸೀಬೇಕು. ಎರಡು ಜೋಡಿಗೆ ಬಹುಮಾನ ಅರ್ಧ ಮಾಡಿದೀನಿ. ಹನ್ನೆರಡು ಪಟ್ಟಿನ ಆಸೆಗೆ ಜೋಡಿ ಮುರಿಯೋದೇ ಲಾಭ. ಅದನ್ನ ಕಂಡುಹಿಡಿಯೋಕೇ ನನಗೆ ಎರಡು ತಿಂಗಳು ಹಿಡೀತು."

"ಹಳೇ ಆಟದಲ್ಲಿ?"

"ಎರಡು ಜೋಡಿ ಮುರಿಯೋದಾ? ಹುಚ್ಚರೂ ಮುರಿಯಲ್ಲ!"

ನಾನು ಕಾರ್ಲೀನ್ ಕಡೆ ತಿರುಗಿದೆ.

"ಆರ್ವಿಲ್ ಮುರೀಲಿಲ್ಲ," ಎಂದಳು ಒಡೆಸ್ಸಾ. "ಮುರಿದವಳು ಕಾರ್ಲೀನ್. ಅದೂ ಈ ಬಾರಿನ ಹಳೇ ಆಟದ ಯಂತ್ರದಲ್ಲಿ, ಎರಡು ಜೋಡಿಯ ಹತ್ತು ನಾಣ್ಯ ಕೈಗೆ ಬಂದಿರುವಾಗ. ಮರೆವು ಅನ್ನಬಹುದಿತ್ತು. ಆದ್ರೆ ಮೂರನೇ ಮೂರು ಬಿದ್ದ ತಕ್ಷಣ ನೆಟ್ಟಗೆ ಕೂತಳು. ರಾಣಿ ಜೋಡಿಗೆ ಐದೇ ಬಂದಿದ್ದಕ್ಕೆ ಯಂತ್ರಕ್ಕೇ ಹೊಡೆದಳು. ಯಾಕೆ? ಅವಳ ಬೆರಳು ಅರವತ್ತು ನಾಣ್ಯಕ್ಕೆ ಕಾಯ್ತಿತ್ತು. ಐದರ ಹನ್ನೆರಡು ಪಟ್ಟು. ಏನಮ್ಮಾ ಕಾರ್ಲೀನ್?"

ಕಾರ್ಲೀನ್ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಕಾರಿನಲ್ಲಿದೆ," ಎಂದಳು. "ಸ್ಟೆಪ್ನಿ ಕೆಳಗೆ."

"ಕಾರ್ಲೀನ್!" ವಿನ್ನಿ ಚೀರಿದಳು. "ನೀನಾ? ಯಾಕೇ?"

"ಯಾಕಾ? ಆ ಆಟ ಹುಟ್ಟಿದ್ದು ಯಾರ ಬಾಯಲ್ಲಿ? ಅವತ್ತು ತಿಂಡಿ ತಿನ್ನೋವಾಗ ನಾನಲ್ವಾ ಅಂದಿದ್ದು, 'ಪಾಪ, ಈ ಎರಡು, ಮೂರುಗಳನ್ನ ಎಲ್ಲರೂ ಎಸೀತಾರೆ, ಅವಕ್ಕೂ ಒಂದು ಸರದಿ ಕೊಡ್ಬೇಕು' ಅಂತ? ನೀನು ತಟ್ಟೆ ಬಿಟ್ಟು ಎದ್ದು ಬರ್ಕೊಂಡೆ. ಆಮೇಲೆ ನನಗೇ ಪುಸ್ತಕ ಮುಚ್ಚಿದೆ! ಮೊದಲನೇ ಪುಟದಲ್ಲಿ ಯಾರ ಹೆಸರಿದೆ? ಹೇಳು ಇವರಿಗೆಲ್ಲ!"

"ನನ್ನದೊಂದೇ," ಎಂದಳು ವಿನ್ನಿ, ನೆಲ ನೋಡುತ್ತಾ. ಹಾಗಾದರೆ ತಂಗಿ ಹೇಳಿದ್ದು ನಿಜ, ಎಂದು ನನಗೆ ಅರ್ಥವಾಯಿತು.

"ದೂರು ಸಿದ್ಧವಾಗೇ ಇದೆಯಲ್ಲ," ಬಾಗಿಲ ಬಳಿಯಿಂದ ರೂಬೆನ್ ಹೇಳಿದ. "ನನ್ನ ಹೆಸರು ಹೊಡೆದು ಹಾಕಿ ತಂಗಿ ಹೆಸರು ಬರೀರಿ ಮೇಡಂ. ಅವರಿಗೂ ಕೆಲಸದ ಕಾರ್ಡಿದೆ."

ವಿನ್ನಿ ಪೆನ್ನು ಹಿಡಿದಳು. ಕೈ ಕಾಗದದ ತನಕ ಹೋಯಿತು, ಮುಂದೆ ಹೋಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ಆಗಲ್ಲ ರೂಬೆನ್. ನನ್ನ ತಂಗಿ ಅವಳು. ಅವಳ ಅನ್ನ ಹೋಗುತ್ತೆ."

"ಗೊತ್ತು," ಎಂದ ರೂಬೆನ್. "ನನ್ನ ಹೆಸರು ಬರೆಯೋವಾಗಲೂ ಗೊತ್ತಿತ್ತು ನಿಮಗೆ."

ಅಷ್ಟರಲ್ಲಿ ಕಂಪನಿಯವನು ಚರ್ಮದ ಚೀಲ ಹಿಡಿದು ಒಳಬಂದು, ಆಟ ಕಂಡುಹಿಡಿದವರು ಯಾರು ಎಂದು ನಗುನಗುತ್ತಾ ಕೇಳಿದ. ವಿನ್ನಿ ಕಾಗದವನ್ನು ಹರಿದು, ತಂಗಿಯ ಕಡೆ ಕೈತೋರಿದಳು. "ನಿಯಮ ಅವಳದ್ದು. ಲೆಕ್ಕ ನನ್ನದು. ಎರಡು ಹೆಸರೂ ಹಾಕಿ." ಕಾರ್ಲೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ವಿನ್ನಿ ರೂಬೆನ್ ಕಡೆ ತಿರುಗಿದಳು. "ತಪ್ಪಾಯ್ತು ಕಣೋ. ಕೂತ್ಕೊ, ಏನಾದ್ರೂ ಕುಡಿ."

"ನಿಮ್ಮ ಯಂತ್ರದ ಮೂರನೇ ಗುಂಡಿ ಆಗಾಗ ಸಿಕ್ಕಿಹಾಕ್ಕೊಳ್ಳುತ್ತೆ," ರೂಬೆನ್ ಟೋಪಿ ಹಾಕಿಕೊಂಡ. "ಇನ್ಮೇಲೆ ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ ಮೇಡಂ."

ಬಾಗಿಲು ತೆರೆದು ಮುಚ್ಚಿತು. ಕಾರ್ಲೀನ್ ಕಾರಿನಿಂದ ಪುಸ್ತಕ ತಂದಮೇಲೆ ಅಕ್ಕ ತಂಗಿ ಇಬ್ಬರೂ ಕಂಪನಿಯ ಕಾಗದಕ್ಕೆ ಸಹಿ ಹಾಕಿದರು. ಅಷ್ಟೂ ಹೊತ್ತು ವಿನ್ನಿ ಅಳುತ್ತಲೇ ಇದ್ದಳು. ಒಂದು ಮಾತು ಸಮಾಧಾನ ಹೇಳಬಹುದಿತ್ತು, ನನಗೆ ಮನಸ್ಸಾಗಲಿಲ್ಲ.