ಗೆರೆ ಕಾಣದ ಆಕಾಶ

"ಟೀಚರ್, ನಿಮ್ಮ ಆಕಾಶ ಜಮಖಾನ ಆಗ್ಯದ ನೋಡ್ರಿ. ಬರೇ ಪಟ್ಟಿ!"

ಏಣಿಯ ಮೇಲೆ ನಿಂತು ಶಾಲೆಯ ಗೋಡೆಗೆ ಚಿತ್ರ ಬರೆಯುತ್ತಿದ್ದ ಡ್ರಾಯಿಂಗ್ ಟೀಚರ್ ಯಶೋದಾ ತಿರುಗಿದಳು. ಎಂಟು ದಿನದಿಂದ ಶಾಲೆಯ ಕಿಟಕಿಗಳಿಗೆ ಬಣ್ಣ ಹೊಡೆಯುತ್ತಿದ್ದ ಗೌತಮ ಕೆಳಗೆ ನಗುತ್ತಿದ್ದ. ಮಾನ್ವಿ ಊರಿನ ಟ್ರ್ಯಾಕ್ಟರ್ ಟ್ರಾಲಿಗಳಿಗೆಲ್ಲ ಅವನದೇ ಬಣ್ಣ. ದಿನಕ್ಕೆ ಎಷ್ಟು ಸಲ ತನ್ನತ್ತ ನೋಡುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಮಾತು ಮಾತ್ರ ಇದೇ ಮೊದಲು. ಅದೂ ಇಂಥದು!

ಆದರೆ ಸುಳ್ಳಲ್ಲ. ದೇವದುರ್ಗದಿಂದ ದಿನಾ ಬಸ್ಸಿನಲ್ಲಿ ಬಂದು ಮೂರು ಸಲ ಬರೆದ ಸಂಜೆಯಾಕಾಶ. ಮೂರು ಸಲವೂ ಕೆಳಗೆ ಕಿತ್ತಳೆ, ಮೇಲೆ ನೀಲಿ, ನಡುವೆ ಗೆರೆ. ನಾಳೆ ಹತ್ತಕ್ಕೆ ಹೆಡ್‌ಮಾಸ್ಟರು ನೋಡುತ್ತಾರೆ. ಹಿಡಿಸದಿದ್ದರೆ ಅವಳ ಮೊದಲ ಗೋಡೆಗೆ ಸುಣ್ಣ.

"ಅಷ್ಟು ಗೊತ್ತಿದ್ರ ಹೇಳಿಕೊಡ್ರಿ."

"ನೀಲಿ ಹಚ್ಚಿ, ಬ್ರಷ್ ತೊಳದು, ಕಿತ್ತಳಿ ತಗೊಳ್ಳೋದ್ರಾಗ ನೀಲಿ ಒಣಗಿರ್ತದ್ರಿ. ನಮ್ಮ ಬಿಸಲು ಕೇಳಂಗಿಲ್ಲ. ಗೋಡಿಗೆ ನೀರು ಕುಡಸಬೇಕು. ಮತ್ತ..." ಅವನು ಕಣ್ಣು ತಗ್ಗಿಸಿದ. "ಎರಡು ಕೈ ಸಾಲಂಗಿಲ್ಲ. ನಾಕು ಬೇಕು."

ಮರುದಿನ ಅವಳು ಮೊದಲ ಬಸ್ಸಿಗೇ ಬಂದಾಗ ಗೋಡೆ ಆಗಲೇ ಒದ್ದೆಯಾಗಿತ್ತು. ಮೇಲಿನಿಂದ ಅವಳ ನೀಲಿ, ಕೆಳಗಿನಿಂದ ಅವನ ಕಿತ್ತಳೆ. ಎರಡೂ ಹಸಿಯಾಗಿಯೇ ಕೂಡಿದವು. ಕೂಡಿದ್ದೇ ರಾಡಿಯಾದವು.

ಗೌತಮನ ನಗೆ ಆರಿತು. "ಟ್ರಾಲಿಗೆ ಒಂದೇ ಬಣ್ಣರಿ. ಇದು ನಂಗ ತಿಳೀವಲ್ದು."

"ನಂಗ ತಿಳೀತದ." ತನ್ನ ದನಿ ಇಷ್ಟು ಗಟ್ಟಿಯಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಈ ಎರಡೂ ನೇರ ಕೂಡಂಗಿಲ್ಲ. ನಡುವ ಗುಲಾಬಿ ಬೇಕು. ರಾಡಿ ಒರಸ್ರಿ, ಲಗೂನ!"

ಒರೆಸಿದ. ಗುಲಾಬಿಯನ್ನು ಇಬ್ಬರೂ ಹಚ್ಚಿದರು. ಒಂದೊಂದು ಮಾರು ಮುಗಿಸಿ ಮುಂದೆ ಸರಿದರು. ಬ್ರಷ್ಷುಗಳು ತಾಗಿದವು, ಬೆರಳುಗಳೂ ತಾಗಿದವು. ಯಾರೂ ಕ್ಷಮೆ ಕೇಳಲಿಲ್ಲ.

ಹತ್ತಕ್ಕೆ ಬಂದ ಹೆಡ್‌ಮಾಸ್ಟರು ಹತ್ತಿರ ನಿಂತು ನೋಡಿದರು, ದೂರ ಹೋಗಿ ನೋಡಿದರು. "ಎಲ್ಲಿ ಕೂಡಿಸೀರಿ? ಕಾಣವಲ್ದಲ್ಲ! ಆ ಕಡಿ ಗೋಡಿನೂ ಬರೀರಿ, ಟೀಚರ್."

"ಬರೀತೀನ್ರಿ ಸರ್. ಇವರು ನನ್ನ ಜೋಡಿ ಇದ್ರ."

ಅವರು ಹೋದ ಮೇಲೆ ಗೌತಮ ಮೆಲ್ಲಗೆ ಕೇಳಿದ, "ಅದೊಂದು ಗೋಡಿಗಷ್ಟೇ ಏನ್ರಿ?"

ಬೇರೆ ದಿನವಾಗಿದ್ದರೆ ಅವಳು ಹತ್ತು ಉತ್ತರ ತೂಗಿ, ಹತ್ತನ್ನೂ ನುಂಗುತ್ತಿದ್ದಳು.

"ಅಲ್ಲ. ನಂಗ ನಿಮ್ಮ ಮ್ಯಾಲ ಮನಸ್ಸಾಗ್ಯದ. ಐತವಾರ ಮನಿಗೆ ಬರ್ರಿ, ಅಪ್ಪ ಇರ್ತಾನ. ಗಡ್ಡದಾಗಿನ ಗುಲಾಬಿ ಬಣ್ಣ ತೊಳಕೊಂಡು ಬರ್ರಿ ಮತ್ತ."

"ಬರ್ತೀನಿ. ತೊಳಿಯಂಗಿಲ್ಲ!"

ಯಶೋದಾ ನಕ್ಕಳು, ಶಾಲೆಯ ಅಂಗಳಕ್ಕೆಲ್ಲ ಕೇಳುವಂತೆ.