ತಪ್ಪು ಉತ್ತರದ ದನಿ

ಎಲ್‌ಕೆಜಿ ಮಕ್ಕಳು ಬೇಕಂತಲೇ ತಪ್ಪು ಎಣಿಸುತ್ತಿದ್ದರು. ಟ್ಯಾಬ್‌ನ ಎಣಿಕೆಯ ಆಟದಲ್ಲಿ ನಾಲ್ಕು ಬಾತುಕೋಳಿ ಕಂಡರೆ ಕಿಲಕಿಲ ನಗುತ್ತಾ ಏಳನ್ನು ಒತ್ತುವುದು. ಸರಿಯಾಗಿ ಒತ್ತಿದರೆ ಬರೀ ಗಂಟೆ ಟಿಣ್ ಎನ್ನುತ್ತಿತ್ತು. ತಪ್ಪಾದರೆ ಒಂದು ಹೆಣ್ಣುದನಿ, ಪಕ್ಕದಲ್ಲೇ ಕೂತು ಹೇಳಿದಂತೆ, "ಹೋಗ್ಲಿ ಬಿಡು ಚಿನ್ನ, ಇಬ್ರೂ ಸೇರಿ ಎಣಿಸೋಣ" ಎನ್ನುತ್ತಿತ್ತು. ಟೀಚರ್‌ಗೂ ಒಮ್ಮೊಮ್ಮೆ ತಪ್ಪು ಒತ್ತುವ ಆಸೆಯಾಗುತ್ತಿತ್ತು.

ಆ ಆಟ ತಯಾರಿಸಿದವನು ಪ್ರತಿ ಶುಕ್ರವಾರ ಮಕ್ಕಳು ಆಡುವುದನ್ನು ನೋಡಲು ಬರುತ್ತಿದ್ದ. ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂರುವ ಅವನಿಗೆ ಮಕ್ಕಳು ಇಟ್ಟ ಹೆಸರು 'ಒಂಟೆ ಮಾಮ'. ಶುಕ್ರವಾರ ಬಂತೆಂದರೆ ಟೀಚರ್ ಎರಡೆರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು. ಸುಳ್ಳೇಕೆ, ಅವಳಿಗೆ ಅವನೆಂದರೆ ಜೀವ. ಅವನ ನೋಟವೂ ಅವಳ ಮೇಲೆ ನಿಲ್ಲುತ್ತಿತ್ತು. ಆದರೆ ಯಾವುದೋ ಟ್ಯಾಬ್‌ನಿಂದ ಆ ದನಿ ಕೇಳಿದ್ದೇ ತಡ, ಸಿಕ್ಕಿಬಿದ್ದವನಂತೆ ಕಣ್ಣು ತಗ್ಗಿಸುತ್ತಿದ್ದ.

ಒಂದು ಶುಕ್ರವಾರ, ಮಕ್ಕಳು ಮನೆಗೆ ಹೋದ ಮೇಲೆ, ಅವಳು ಹೇಳಿಯೇಬಿಟ್ಟಳು.

"ಒಂಟೆ ಮಾಮಾ, ನಿಮ್ಮ ಆಟದಲ್ಲೊಂದು ಎಡವಟ್ಟಿದೆ. ತಪ್ಪು ಮಾಡಿದ್ರೇನೇ ಮುದ್ದು ಸಿಗುತ್ತೆ. ಮೂರು ತಿಂಗಳಾದ್ರೂ ಎಣಿಕೇಲಿ ಒಬ್ರೂ ಐದು ದಾಟಿಲ್ಲ. ಆ ದನಿ ತೆಗೀರಿ."

ಅವನ ಮುಖ ಬಿಳಿಚಿಕೊಂಡಿತು.

"ಅದು ನನ್ನ ಹೆಂಡ್ತಿ, ಟೀಚರ್. ಮೊದ್ಲು ತಪ್ಪಿನ ಮಾತು ರೆಕಾರ್ಡ್ ಮಾಡೋಣ, ಶಭಾಷ್ ಅನ್ನೋಕೆ ಏನವಸರ ಅಂದ್ಲು. ಅಷ್ಟರಲ್ಲಿ ಹೋಗ್ಬಿಟ್ಲು. ಎರಡು ವರ್ಷದಿಂದ ನಾನೂ ದಿನಾ ತಪ್ಪೇ ಒತ್ತೋದು."

ಖಾಲಿ ತರಗತಿಯಲ್ಲಿ ತಾವಿಬ್ಬರೇ ಇದ್ದೇವೆಂದು ಟೀಚರ್‌ಗೆ ಅನ್ನಿಸಲಿಲ್ಲ. ಸತ್ತವಳ ಮೇಲೆ ಹೊಟ್ಟೆಕಿಚ್ಚೇ ಎಂದು ನಾಚಿಕೆಯೂ ಆಯಿತು. ಮಕ್ಕಳಿಗಾಗಿ ಕೇಳುತ್ತಿದ್ದೇನೋ, ನನಗಾಗಿಯೋ? ಎರಡೂ ನಿಜವಾಗಿತ್ತು.

"ಅಳಿಸಬೇಡಿ," ಎಂದಳು. "ಮನೆಗೆ ಕರ್ಕೊಂಡು ಹೋಗಿ. ಅಲ್ಲಿ ತಪ್ಪು ಮಾಡ್ದೇನೇ ಕೇಳಿ."

ಅವನು ಲ್ಯಾಪ್‌ಟಾಪ್ ತೆರೆದ. ಆ ದನಿಯನ್ನು ಆಟದಿಂದ ತೆಗೆದು ಬೇರೆ ಕಡೆ ಇಟ್ಟುಕೊಂಡ. ಪರೀಕ್ಷಿಸಲೆಂದು ತಪ್ಪು ಸಂಖ್ಯೆ ಒತ್ತಿದ. ಏನೂ ಕೇಳಿಸಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತ.

ಕಣ್ಣೊರೆಸಿಕೊಂಡು ಕೇಳಿದ: "ಆ ಜಾಗಕ್ಕೆ ನಿಮ್ಮ ದನಿ ಕೊಡ್ತೀರಾ?"

"ಇಲ್ಲ. ಅದು ಅವರ ಜಾಗ. ಅಲ್ಲಿ ಬಾತುಕೋಳಿಗಳೇ ಒಂದೊಂದಾಗಿ ಎದ್ದು ಲೆಕ್ಕ ತೋರಿಸ್ಲಿ." ಅವಳು ಅವನೆದುರಿನ ಗಿಡ್ಡ ಕುರ್ಚಿಯಲ್ಲಿ ಕೂತಳು. "ನಂಗೆ ನೀವು ಬೇಕು. ಅವರನ್ನ ಮರೀರಿ ಅಂತ ಯಾವತ್ತೂ ಅನ್ನಲ್ಲ. ಆದ್ರೆ ನನ್ನ ನೋಡೋವಾಗ ನನ್ನನ್ನೇ ನೋಡಿ."

ಅವನು ನೋಡಿದ.

"ಭಯ ಆಗುತ್ತೆ," ಎಂದ.

"ನಂಗೂ," ಎಂದು ಅವಳು ಅವನ ಕೈ ಹಿಡಿದುಕೊಂಡಳು.